ಬೆರಳಿನ ಗಂಟು, ನೆಟ್ಟಗಾಗದ ಕೀಲು: ಚರ್ಮದ ಡಾಕ್ಟರನ್ನು ಕೇಳಿ

ಮಗುವಿನ ಅಮ್ಮ: ಸರ್, ಮಗನಿಗೆ 14 ತಿಂಗಳು. ಉಂಗುರ ಬೆರಳಿನ ಪಕ್ಕ ಬಟಾಣಿಯಷ್ಟು ಗಟ್ಟಿ ಗಂಟಿತ್ತು. 4 ತಿಂಗಳ ಹಿಂದೆ ತೆಗೆಸಿದೆವು. ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಬಂದಿದೆ, ಕಿರುಬೆರಳಲ್ಲೂ ಶುರುವಾಗಿದೆ. ಬೆರಳು ನೆಟ್ಟಗಾಗುತ್ತಿಲ್ಲ.

ಡಾಕ್ಟರ್: ಅಮ್ಮಾ, ವಯಸ್ಸು, ಜಾಗ, ಮತ್ತೆ ಬಂದ ರೀತಿ ನೋಡಿದರೆ ಇನ್‌ಫ್ಯಾಂಟೈಲ್ ಡಿಜಿಟಲ್ ಫೈಬ್ರೊಮಟೋಸಿಸ್ ಇರಬಹುದು, ಅಂದರೆ ಎಳೆ ಮಕ್ಕಳ ಬೆರಳಲ್ಲಿ ಬೆಳೆಯುವ ನಾರಿನ ಗಂಟು. ಅಪರೂಪದ್ದು. 1965ರಲ್ಲಿ ರೈ ಅನ್ನೋ ಆಸ್ಟ್ರೇಲಿಯಾದ ಪೆಥಾಲಜಿಸ್ಟ್ (ದೇಹದಿಂದ ತೆಗೆದ ಚೂರನ್ನು ಪರೀಕ್ಷಿಸುವ ಡಾಕ್ಟರ್) ಬರೆದಿಟ್ಟರು. ಕೈಕಾಲಿನ ಹೆಬ್ಬೆರಳನ್ನು ಸಾಮಾನ್ಯವಾಗಿ ಬಿಟ್ಟು ಉಳಿದ ಬೆರಳುಗಳಿಗೆ ಬರುತ್ತೆ. ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹಬ್ಬಲ್ಲ. ಆದರೆ ಕತ್ತರಿಸಿದರೆ ಅರ್ಧಕ್ಕಿಂತ ಜಾಸ್ತಿ ಸಲ ಮರಳುತ್ತೆ, ಸುಮ್ನೆ ಬಿಟ್ಟರೆ ಎಷ್ಟೋ ಮಕ್ಕಳಲ್ಲಿ 2-3 ವರ್ಷದಲ್ಲಿ ತಾನೇ ಕುಗ್ಗುತ್ತೆ. ನನಗೆ ಚಿಂತೆ ಇರೋದು ಕೀಲಿನದು, ಗಂಟಿನದಲ್ಲ. ಮಗು ನಿದ್ದೆ ಮಾಡುವಾಗ ಅಂಗೈಯನ್ನು ಹಾಸಿಗೆ ಮೇಲೆ ಮೆಲ್ಲಗೆ ಚಪ್ಪಟೆಯಾಗಿ ಇಡಿ. ಬೆರಳಿನಡಿ ಸಂದು ಉಳಿಯುತ್ತಾ ನೋಡಿ, ತಿಂಗಳಿಗೊಂದು ಫೋಟೋ ತೆಗೆದಿಡಿ. ಸಂದು ಹೆಚ್ಚುತ್ತಿದ್ದರೆ ಕಾಯಬೇಡಿ, ಮಕ್ಕಳ ಕೈ ಸರ್ಜನ್‌ಗೆ ತೋರಿಸಿ. ಆಗ ತೆಗೆದ ಗಂಟಿನ ಬಯಾಪ್ಸಿ, ಅಂದರೆ ಚೂರಿನ ಪರೀಕ್ಷೆಯ ರಿಪೋರ್ಟ್ ಇದೆಯಾ? ಆ ಚೂರು ಇಟ್ಟ ಗಾಜಿನ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಜೀವಕೋಶದೊಳಗೆ ಸಣ್ಣ ಗುಲಾಬಿ ಉಂಡೆಗಳು ಕಂಡರೆ ಅದೇ ಗುರುತು.

ಸದಸ್ಯ 1: ಕ್ಯಾನ್ಸರ್ ಆಗುತ್ತಾ ಸರ್?

ಡಾಕ್ಟರ್: ಮೇಲೆ ಬರೆದಿದ್ದೇನೆ. ಅಲ್ಲ.

ಸದಸ್ಯೆ 2: ದಾರ ಬಿಗಿಯಾಗಿ ಕಟ್ಟಿದರೆ ಒಂದು ವಾರದಲ್ಲಿ ಉದುರುತ್ತೆ ಅಂತ ಫಾರ್ವರ್ಡ್ ಬಂದಿದೆ, ಹಾಕಲಾ?

ಡಾಕ್ಟರ್: ಬೇಡ. ದಾರ ಕಟ್ಟಿದರೆ ರಕ್ತ ನಿಂತು ಬೆರಳೇ ಹೋಗಬಹುದು, ಅದೂ 14 ತಿಂಗಳ ಮಗುವಿನದು. ನರುಳ್ಳಿಗೆ ಹಚ್ಚುವ ಆಸಿಡ್ಡೂ ಬೇಡ. ಇದು ನರುಳ್ಳಿಯಲ್ಲ.

ಸದಸ್ಯ 3: ಬಯಾಪ್ಸಿ ಮಾಡಿದ್ದಕ್ಕೇ ಕಿರುಬೆರಳಿಗೆ ಹರಡಿರೋದು. ಸೂಜಿ ಚುಚ್ಚಿದರೆ ಕೆರಳುತ್ತೆ ಅಂತ ಎಲ್ಲರಿಗೂ ಗೊತ್ತು.

ಸದಸ್ಯೆ 4: ಯಾರು ಆ ಎಲ್ಲರೂ? ಒಂದಕ್ಕಿಂತ ಜಾಸ್ತಿ ಬೆರಳಲ್ಲಿ ಬರೋದು ಈ ಕಾಯಿಲೆಯ ಸ್ವಭಾವವೇ. ಪರೀಕ್ಷೆ ಮಾಡದೆ ಹೆಸರಿಡೋದು ಹೇಗೆ?

ಸದಸ್ಯ 3: ನೀವು ಡಾಕ್ಟರಾ?

ಸದಸ್ಯೆ 4: ನೀವಾ?

ಸದಸ್ಯ 5: ನಮ್ಮ ತಂದೆಯವರಿಗೂ ಉಂಗುರ ಬೆರಳು ಅಂಗೈ ಕಡೆ ಮಡಚಿಕೊಂಡಿದೆ, ಅಂಗೈಯಲ್ಲಿ ಹುರಿಯ ಥರ ಗಟ್ಟಿ. ಅದೂ ಇದೇನಾ?

ಸದಸ್ಯ 3: ಆಪರೇಷನ್ ಮಾಡಿದವರೇ ಹಾಳು ಮಾಡಿದ್ದು, ಬರೆದಿಟ್ಟುಕೊಳ್ಳಿ.

ಡಾಕ್ಟರ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಬಯಾಪ್ಸಿಯಿಂದ ಇದು ಹರಡಲ್ಲ.

ಸದಸ್ಯ 1: ಮುಲಾಮು ಇದೆಯಾ ಸರ್?

ಡಾಕ್ಟರ್: ಇಲ್ಲ. ಕೆಲವರಿಗೆ ಗಂಟಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ನೋಡಿಯೇ ನಿರ್ಧರಿಸೋದು.

ಮಗುವಿನ ಅಮ್ಮ: ಸರ್, ರಿಪೋರ್ಟ್ ಸಿಕ್ಕಿತು. "ಫೈಬ್ರೋಮಾ" (ನಾರಿನ ಗಂಟು) ಅಂತಷ್ಟೇ ಇದೆ.

ಡಾಕ್ಟರ್: ಸ್ಲೈಡ್ ವಾಪಸ್ ತಗೊಂಡು ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ಓದಿಸಿ. ಅಲ್ಲಿವರೆಗೆ ಯಾರಿಗೂ ಕತ್ತರಿಸಲು ಬಿಡಬೇಡಿ.