ಇನ್ವರ್ಟರ್ ಆನ್ ಆದರೆ ರೇಡಿಯೊದಲ್ಲಿ ಗೊರ್ರ್: ಯಾವುದನ್ನು ಕೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ಶಿರಸಿ ಹತ್ತಿರ ಮನೆ. ಜನರಲ್ ಗ್ರೇಡ್ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂತು, 100 ವಾಟ್‌ನ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಹಳೆಯ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ ಕೊಡುವ) ಇನ್ವರ್ಟರ್ ಶುರುವಾದರೆ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಪೂರ್ತಿ ಗೊರ್ರ್. ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥ ನಯವಾದ ಅಲೆ ಕೊಡುವುದು) ತಗೊಂಡರೆ ಹೋಗುತ್ತಾ? ಅಂಗಡಿಯವರು ಆನ್‌ಲೈನ್ ಯುಪಿಎಸ್ ಇನ್ನೂ ಒಳ್ಳೆಯದು ಅಂತಾರೆ.

ಉತ್ತರ: ಸೈನ್ ವೇವ್‌ನಿಂದ ಫ್ಯಾನ್ ಗುಂಯ್‌ಗುಡುವುದು ನಿಲ್ಲುತ್ತದೆ, ರೇಡಿಯೊ ಗದ್ದಲ ನಿಂತೇ ನಿಲ್ಲುತ್ತದೆ ಅನ್ನಲಾಗದು. ಆ ಅಲೆಯನ್ನು ಕಟ್ಟಲು ಒಳಗೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತವೆ. ಅದರ ಹಾರ್ಮೋನಿಕ್‌ಗಳು, ಅಂದರೆ ಆ ಆವರ್ತನದ ಹಲವು ಪಟ್ಟಿನ ಅಲೆಗಳು, 7 ಮೆಗಾಹರ್ಟ್ಸ್‌ಗೂ ಏರುತ್ತವೆ. ಔಟ್‌ಪುಟ್ ಫಿಲ್ಟರ್‌ನಲ್ಲಿ ಕಂಪನಿ ಜಿಪುಣತನ ಮಾಡಿದ್ದರೆ ಮನೆಯ ವೈರಿಂಗೇ ಆಂಟೆನಾ! ಆನ್‌ಲೈನ್ ಯುಪಿಎಸ್ ನಿಮಗೆ ಬೇಡವೇ ಬೇಡ. ಕರೆಂಟ್ ಇದ್ದಾಗಲೂ ಅದು ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುತ್ತಲೇ ಇರುತ್ತದೆ. ಈಗ ಕರೆಂಟ್ ಹೋದಾಗಿನ ಕಾಟ ಆಮೇಲೆ ದಿನವಿಡೀ.

ನನ್ನ ಕೇಳಿದರೆ ಸೆಟ್ಟನ್ನು ಇನ್ವರ್ಟರ್‌ನಿಂದ ಬಿಡಿಸಿ. ಅದಕ್ಕೆ ಬೇಕಿರುವುದು 13.8 ವೋಲ್ಟ್ ಡಿಸಿ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ ಇಳಿಸುವ ಸುತ್ತುಬಳಸು ಯಾಕೆ? 100 ಎಎಚ್ (ಆಂಪ್-ಅವರ್) ಸಾಮರ್ಥ್ಯದ ಪ್ರತ್ಯೇಕ ಬ್ಯಾಟರಿಯಿಂದ ನೇರ ಕೊಡಿ. ಕೇಳುವಾಗ ಸುಮಾರು 1 ಆಂಪ್, ಮಾತಾಡುವಾಗ 20ರ ಹತ್ತಿರ. ಒಂದು ಸಂಜೆಗೆ ಧಾರಾಳ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ವೋಲ್ಟೇಜ್ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬ್ಯಾಟರಿ ಬುಡದಲ್ಲೇ ಫ್ಯೂಸ್ ಹಾಕಿ, ಇದನ್ನು ಮರೆಯಬೇಡಿ. ಸ್ವಿಚಿಂಗ್ ಚಾರ್ಜರ್ ಆಗಿದ್ದರೆ ಅದೂ ಇನ್ವರ್ಟರ್‌ನಂತೆ ಗದ್ದಲ ಮಾಡುತ್ತದೆ, ಸೆಟ್ ಹಚ್ಚುವಾಗ ಅದರ ಪ್ಲಗ್ ಕಿತ್ತಿಡಿ. ಸೋಲಾರ್ ಎಂಪಿಪಿಟಿ ಕಂಟ್ರೋಲರೂ (ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಅದೇ ಜಾತಿ.

ಪ್ರಶ್ನೆ: ಸರಿ ಸರ್. ಆದರೆ ಮನೆಯ ದೀಪಕ್ಕೆ ಇನ್ವರ್ಟರ್ ಬೇಕೇ ಬೇಕಲ್ಲ? ಅಪ್ಪ ಧಾರವಾಡ ಆಕಾಶವಾಣಿ 765 ಹಾಕಿದರೂ ಅದೇ ಸದ್ದು.

ಉತ್ತರ: ಅಪ್ಪನ ಟ್ರಾನ್ಸಿಸ್ಟರನ್ನು ಸೆಲ್ ಮೇಲೆ ಹಚ್ಚಿ, ಇನ್ವರ್ಟರ್‌ನಿಂದ ದೂರವಿಟ್ಟು, ನಿಧಾನ ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕಿನ ಗುಣವಿದೆ, ಒಂದು ಕೋನದಲ್ಲಿ ಗದ್ದಲ ತಗ್ಗುತ್ತದೆ. ಎಲ್‌ಇಡಿ ಬಲ್ಬುಗಳನ್ನೂ ಒಂದೊಂದಾಗಿ ಆರಿಸಿ ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ.

ಹೊಸದು ಕೊಳ್ಳುವುದೇ ಆದರೆ ಡೇಟಾಶೀಟ್‌ನಲ್ಲಿ ಐಇಸಿ 62040-2 (ಯುಪಿಎಸ್‌ಗಳ ರೇಡಿಯೊ ಗದ್ದಲಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡ), ಕೆಟಗರಿ ಸಿ1 ಇದೆಯಾ ನೋಡಿ. ಅದು ವಾಸದ ಮನೆಗಳಿಗೆಂದು ಇಟ್ಟ ಬಿಗಿಯಾದ ಮಿತಿ, ಸಿ2, ಸಿ3 ಸಡಿಲ. ಅದಕ್ಕಿಂತ ನಂಬಿಕೆಯ ಪರೀಕ್ಷೆ ಬೇಕೆಂದರೆ ಅದೇ ಟ್ರಾನ್ಸಿಸ್ಟರನ್ನು ಅಂಗಡಿಗೆ ಒಯ್ದು, ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಇನ್ವರ್ಟರನ್ನು ಬ್ಯಾಟರಿ ಮೇಲೆ ಓಡಿಸಿ ಹತ್ತಿರ ಹಿಡಿಯಿರಿ. ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿ.