ಸಮಸ್ಯಾಪೂರಣ: ‘ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ’

ಸಂಚಾಲಕಿ, ಮೈಸೂರು

ಗೆಳೆಯರೇ, ಶುಭಶುಕ್ರವಾರದ ವಾರಕ್ಕೆ ಈ ಸಮಸ್ಯೆ. ಕಂದಪದ್ಯದ ಕೊನೆಯ ಸಾಲು ನನ್ನದು, ಮೇಲಿನ ಮೂರು ನಿಮ್ಮವು.

ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ

ಪ್ರತಿ ಸಾಲಿನ ಎರಡನೆಯ ಅಕ್ಷರವಾದ ಪ್ರಾಸ ‘ತ್ತ’, ಅದರ ಹಿಂದಿನ ಅಕ್ಷರ ಗುರು. ಬೆಸಸಂಖ್ಯೆಯ ಗಣಗಳಲ್ಲಿ ಜಗಣ (ಲಘು-ಗುರು-ಲಘು) ಬೇಡ. ಆರನೆಯ ಗಣ, ಅಂದರೆ ಎರಡನೆಯ ಮತ್ತು ನಾಲ್ಕನೆಯ ಸಾಲಿನ ಮೂರನೆಯದು, ಮಾತ್ರ ಜಗಣವೋ ಸರ್ವಲಘುವೋ (ನಾಲ್ಕೂ ಲಘು) ಆಗಲೇಬೇಕು.

ಇದನ್ನು ಚಮತ್ಕಾರಕ್ಕೆಂದು ಹೊಸೆದದ್ದಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 7ನೇ ಅಧ್ಯಾಯದಲ್ಲಿ ಬಿಳಿ ನಿಲುವಂಗಿ ತೊಟ್ಟವರ ದೊಡ್ಡ ಗುಂಪೊಂದು ಸಿಂಹಾಸನದ ಮುಂದೆ ನಿಂತಿದೆ. ಇವರು ಯಾರು, ಎಲ್ಲಿಂದ ಬಂದರು ಎಂದು ಹಿರಿಯನೊಬ್ಬ ಕೇಳುತ್ತಾನೆ. ಉತ್ತರವನ್ನೂ ಅವನೇ ಕೊಡುತ್ತಾನೆ: ಮಹಾಸಂಕಟ ದಾಟಿ ಬಂದವರು, ಕುರಿಮರಿಯ, ಅಂದರೆ ಕ್ರಿಸ್ತನ, ರಕ್ತದಲ್ಲಿ ಅಂಗಿ ತೊಳೆದು ಬೆಳ್ಳಗೆ ಮಾಡಿಕೊಂಡವರು. ರಕ್ತದ ಕಲೆ ಎಂಥ ಹಠಮಾರಿ ಎಂದು ಬಟ್ಟೆ ಒಗೆದ ಕೈಗೆಲ್ಲ ಗೊತ್ತು. ಆ ರಕ್ತವೇ ಕಲೆ ತೆಗೆಯಿತು ಅಂದರೆ ಹೇಗೆ? ಬೈಬಲನ್ನೇ ಹಿಡಿಯಬೇಕೆಂಬ ಕಟ್ಟುಪಾಡಿಲ್ಲ. ಯಾವ ದಾರಿಯಿಂದಾದರೂ ಬನ್ನಿ.

ಹಳೆಯ ಕಂದಕ್ಕೂ ಕ್ರಿಸ್ತನ ಕಥೆಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಛಂದಸ್ಸಿನ ಹಳೆಯ ಗ್ರಂಥವಾದ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದದ್ದು ಪಾದ್ರಿ ಕಿಟ್ಟೆಲ್. ಅದಕ್ಕೂ ಮೊದಲೇ ಅವರು ಕ್ರಿಸ್ತನ ಚರಿತ್ರೆಯನ್ನು ನಮ್ಮ ಮಟ್ಟುಗಳಲ್ಲಿ ಪದ್ಯವಾಗಿಸಿದ್ದರು. ನಂಟು ಹಳೆಯದೇ.

ನಜರಬಾದ್

ಅಕ್ಕ, ನಾನು ಆಕಾಶದ ದಾರಿ ಹಿಡಿದೆ.

ಕತ್ತಲೆ ಮೆತ್ತಿದ ಬಾನೊಳ್
ಸುತ್ತಲು ಚೆಲ್ಲಿರೆ ಉಷಸ್ಸು ಕೆಂಪಿನ ಹೊನಲಂ
ಹೊತ್ತಾರೆಯ ನೇಸರ ಬಿಸಿ
ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ

ಸಂಚಾಲಕಿ

‘ಉಷಸ್ಸು’ ಆರನೆಯ ಗಣದಲ್ಲಿ ಸರಿಯಾಗಿ ಕೂತಿದೆ. ‘ಹೊತ್ತಾರೆ’ಯಂಥ ನಮ್ಮ ಕಡೆಯ ಮಾತು ಕಂದದೊಳಕ್ಕೆ ಬಂದದ್ದು ನನಗೆ ಬಹಳ ಇಷ್ಟವಾಯಿತು, ತಮ್ಮಾ. ಸಮಸ್ಯೆ ಬಿಡಿಸಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ನೆತ್ತರು ಬರೀ ಬಣ್ಣ. ಯಾರಿಗೂ ನೋಯಲಿಲ್ಲ, ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಆ ಸಾಲು ಇನ್ನೂ ಯಾರಿಗೋ ಕಾಯುತ್ತಿದೆ ಅನ್ನಿಸುತ್ತದೆ.

ಕುಕ್ಕರಹಳ್ಳಿ ಏರಿ

ನಾನು ಮೂಲದ ದಾರಿಯಲ್ಲೇ ಬರುತ್ತೇನೆ. ಎರಡನೆಯ ಸಾಲಿನಲ್ಲಿ ಮೊದಲು ‘ಸಾಲಕೆ’ ಎಂದಿತ್ತು. ಅದು ಭಗಣವಾಗಿ (ಗುರು-ಲಘು-ಲಘು) ನಿಯಮ ತಪ್ಪುತ್ತಿತ್ತು, ‘ಋಣಕ್ಕೆ’ ಎಂದರೆ ಜಗಣ ತಾನಾಗಿ ಸಿಕ್ಕಿತು.

ಹೊತ್ತವನೆಮ್ಮಯ ಪಾಪವ
ತೆತ್ತವನೊಬ್ಬನೆ ಋಣಕ್ಕೆ ತನ್ನಯ ತನುವಂ
ಸತ್ತಾ ಕುರಿಮರಿಯೊಡಲಿನ
ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ

‘ಹೊತ್ತವ’ ಎಂದದ್ದಕ್ಕೆ ಹಿನ್ನೆಲೆ ಇದೆ. ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನದ ವಿಧಿ ಇದೆ. ಎರಡು ಹೋತಗಳನ್ನು ತಂದು ಚೀಟಿ ಹಾಕುತ್ತಾರೆ. ಒಂದನ್ನು ಬಲಿಕೊಟ್ಟು ಅದರ ರಕ್ತವನ್ನು ಮಹಾಯಾಜಕ ತೆರೆಯ ಒಳಕ್ಕೆ ಒಯ್ಯುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಅರಿಕೆಮಾಡಿ, ಅದನ್ನು ಜೀವಂತವಾಗಿ ಅಡವಿಗೆ ಅಟ್ಟುತ್ತಾರೆ. ಒಂದು ಸಾಯುತ್ತದೆ, ಒಂದು ಹೊತ್ತುಕೊಂಡು ಹೋಗುತ್ತದೆ. ಪ್ರವಾದಿ ಯೆಶಾಯನ ಪುಸ್ತಕದ 53ನೇ ಅಧ್ಯಾಯದಲ್ಲಿ ಬರುವ ದೇವರ ಸೇವಕ ಎರಡನ್ನೂ ಒಬ್ಬನೇ ಮಾಡುತ್ತಾನೆ. ನಮ್ಮ ದ್ರೋಹಗಳ ದೆಸೆಯಿಂದ ಗಾಯಪಡುತ್ತಾನೆ, ಅನೇಕರ ಪಾಪವನ್ನೂ ಹೊರುತ್ತಾನೆ.

ಲೋಕಪಾವನಿ, ಮಂಡ್ಯ

ಪದ್ಯ ಒಪ್ಪಿದೆ ತಾಯಿ, ಅರ್ಥ ಒಪ್ಪಲಾರೆ. ನಮ್ಮ ಕಡೆ ಮಾತೇ ಇದೆಯಲ್ಲ, ಮಾಡಿದ್ದುಣ್ಣೋ ಮಾರಾಯ ಅಂತ. ನಾನು ಮಾಡಿದ್ದನ್ನು ಇನ್ನೊಬ್ಬ ಉಣ್ಣುವುದು ಯಾವ ನ್ಯಾಯ? ‘ಕೆರೆಗೆ ಹಾರ’ ಕೇಳಿ ಬೆಳೆದವರು ನಾವು. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸಿದವರು ಮನೆಯ ಹಿರಿಯರು, ನೀರಿನಲ್ಲಿ ಮುಳುಗಿದವಳು ಅವಳು. ಊರು ಉಳಿಯಲು ಒಬ್ಬರು ಸಾಯಲಿ ಅನ್ನುವ ಲೆಕ್ಕ ಹಾಕುವವರು ಸಾಯುವವರಲ್ಲ, ಯಾವಾಗಲೂ ಬೇರೆಯವರೇ. ಮಾರಿಹಬ್ಬದಲ್ಲಿ ಆಡಿನ ತಲೆಗೆ ನೀರು ಸುರಿದು, ಅದು ಮೈ ಕೊಡವಿದರೆ ‘ಒಪ್ಪಿತು’ ಅನ್ನುತ್ತಿದ್ದರು. ಚಳಿಗೆ ಕೊಡವಿದ್ದನ್ನು ಒಪ್ಪಿಗೆ ಅನ್ನಬಹುದೇ? ಹುಡುಗನಾಗಿದ್ದಾಗಲೂ ನನಗೆ ಅದು ಸಮಾಧಾನ ಕೊಟ್ಟಿರಲಿಲ್ಲ.

ನಿಮ್ಮ ಬೈಬಲಿನ ಪ್ರವಾದಿಗಳೂ ನನ್ನ ಕಡೆಗೇ ಇದ್ದಾರೆ. ‘ನನಗೆ ಯಜ್ಞ ಬೇಡ, ಕರುಣೆಯೇ ಬೇಕು’ ಎಂದು ಹೋಶೇಯನ ಬಾಯಲ್ಲಿ ದೇವರೇ ಹೇಳಿಸುತ್ತಾನೆ. ಸಾವಿರಾರು ಟಗರು, ಹತ್ತು ಸಾವಿರ ಎಣ್ಣೆಯ ಹೊಳೆ ಕೊಟ್ಟರೆ ಅವನು ಮೆಚ್ಚುತ್ತಾನೆಯೇ ಎಂದು ಮೀಕ ಕೇಳುತ್ತಾನೆ. ಅದಕ್ಕೇ ನನ್ನ ಪೂರಣ ಪ್ರಶ್ನೆಯಾಗಿದೆ:

ಚಿತ್ತದ ಕಲೆಯಿರೆ ಪೇಳಯ್
ಬಿತ್ತದೆ ಕರುಣೆಯನು ಬೇಳ್ದೊಡೇಂ ಫಲಮಕ್ಕುಂ
ಎತ್ತಣದೆತ್ತಿನ ಮೇಕೆಯ
ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ

ಸಂಚಾಲಕಿ

ಅಣ್ಣಾ, ಕೈಮುಗಿದೆ. ಸಮಸ್ಯೆಯ ಸಾಲಿನ ಒಂದಕ್ಷರ ಅಲುಗಿಸದೆ, ‘ಎತ್ತಣದ’ ಎಂಬ ಒಂದೇ ಮಾತಿನಿಂದ ಇಡೀ ಸಾಲನ್ನು ಪ್ರಶ್ನೆಯಾಗಿ ತಿರುಗಿಸಿದ್ದೀರಿ. ಪೂರಣದ ಕಲೆ ಅಂದರೆ ಇದು. ‘ಎತ್ತಣದೆತ್ತಿನ’ ಎಂಬುದನ್ನು ನಾನು ಬಾಯಿಬಿಟ್ಟು ಓದಿಕೊಂಡೆ.

ನೀವು ಕೇಳಿದ್ದನ್ನೇ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯವೂ ಹೇಳುತ್ತದೆ, ಹೋರಿ ಹೋತಗಳ ರಕ್ತದಿಂದ ಪಾಪ ಹೋಗುವುದು ಅಸಾಧ್ಯ ಎಂದು. ಅಂದರೆ ನಿಮ್ಮ ಪದ್ಯವನ್ನು ಕ್ರೈಸ್ತರ ಶಾಸ್ತ್ರವೇ ಅಕ್ಷರಶಃ ಒಪ್ಪುತ್ತದೆ. ಅದು ಹೋಗಿ ನಿಲ್ಲುವ ಜಾಗ ಮಾತ್ರ ಬೇರೆ. ಕುಕ್ಕರಹಳ್ಳಿಯವರೇ, ಭಾಗೀರಥಿಯ ಪ್ರಶ್ನೆಗೆ ನೀವು ಉತ್ತರ ಕೊಡಲೇಬೇಕು. ಅದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಕುಕ್ಕರಹಳ್ಳಿ ಏರಿ

ಹಾರಿಸುವುದಿಲ್ಲ. ಅಣ್ಣ ಹೇಳಿದ ಆ ಹಿರಿಯರ ಲೆಕ್ಕ ಸುವಾರ್ತೆಯಲ್ಲೂ ಇದೆ. ಜನರೆಲ್ಲ ನಾಶವಾಗುವುದಕ್ಕಿಂತ ಒಬ್ಬ ಮನುಷ್ಯ ಸಾಯುವುದು ಮೇಲು ಎಂದು ಮಹಾಯಾಜಕ ಕಾಯಫ ಸಭೆಯಲ್ಲಿ ಹೇಳುತ್ತಾನೆ (ಯೋಹಾನ 11). ಅದು ರಾಜಕಾರಣ, ಅನ್ಯಾಯವೂ ಹೌದು. ಯೋಹಾನ ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಮಾತು ಸೇರಿಸುತ್ತಾನೆ: ಕಾಯಫ ಇದನ್ನು ತಾನಾಗಿ ಆಡಲಿಲ್ಲ, ಆ ವರ್ಷದ ಮಹಾಯಾಜಕನಾಗಿ ಪ್ರವಾದನೆ ಹೇಳಿದ. ಕೊಲ್ಲಲು ಹೊರಟವನ ಬಾಯಲ್ಲೇ ಪ್ರವಾದನೆ! ಅವನಿಗೆ ಅದರ ಅರ್ಥವೂ ಗೊತ್ತಿರಲಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನಾನು ನಿಂತು ಮತ್ತೊಮ್ಮೆ ಓದುತ್ತೇನೆ.

ಅದೇ ಸಾವನ್ನು ಯೇಸುವಿನ ಕಡೆಯಿಂದ ನೋಡಿ. ಯಾರೂ ನನ್ನ ಪ್ರಾಣವನ್ನು ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದಾನೆ (ಯೋಹಾನ 10). ಭಾಗೀರಥಿಯ ಮಾವ ತಾನು ಕೆರೆಗೆ ಇಳಿಯಲಿಲ್ಲ. ಇಲ್ಲಿ ತೀರ್ಪು ಕೊಡಬೇಕಾದವನೇ ಇಳಿದ.

ಇನ್ನು ಮಾಡಿದ್ದುಣ್ಣುವ ನ್ಯಾಯ. ಸಾಲ ಮನ್ನಾ ಮಾಡಿದರೆ ಹಣ ಮಾಯವಾಗುವುದಿಲ್ಲ, ಕೊಟ್ಟವನ ಗಂಟಿನಿಂದ ಹೋಗುತ್ತದೆ. ಯಾರು ಕ್ಷಮಿಸುತ್ತಾರೋ ಅವರೇ ಆ ನಷ್ಟವನ್ನು ನುಂಗಿಕೊಳ್ಳಬೇಕು. ‘ತೆತ್ತವ’ ಎಂದು ನಾನು ಬರೆದದ್ದು ಈ ಅರ್ಥದಲ್ಲಿ. ಮೂರನೆಯವನನ್ನು ಹಿಡಿದು ತಂದು ದಂಡ ಕಟ್ಟಿಸಿದ ಕಥೆ ಇದಲ್ಲ.

ನಜರಬಾದ್

ಒಂದು ಸಂಶಯ. ಯೆಶಾಯನ ಸಾಲುಗಳನ್ನು ಆಮೇಲೆ ಕ್ರಿಸ್ತನಿಗೆ ಹೊಂದಿಸಿ ತಿದ್ದಿರಬಹುದಲ್ಲ? ಯೆಹೂದ್ಯರು ಆ ಸೇವಕನನ್ನು ಬೇರೆ ಥರ ಓದುತ್ತಾರೆ ಎಂದೂ ಕೇಳಿದ್ದೇನೆ.

ಕುಕ್ಕರಹಳ್ಳಿ ಏರಿ

ತಿದ್ದಿದ ಮಾತು ನಿಲ್ಲುವುದಿಲ್ಲ. ಮೃತಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ 1947ರಲ್ಲಿ ಸಿಕ್ಕ ಯೆಶಾಯನ ಸುರುಳಿ ಕ್ರಿಸ್ತನಿಗಿಂತ ಹಳೆಯದು, 53ನೇ ಅಧ್ಯಾಯ ಅದರಲ್ಲಿದೆ.

ಯೆಹೂದ್ಯರ ಓದಿನ ಮಾತು ನಿಜ. ಸೇವಕನೆಂದರೆ ಇಸ್ರಾಯೇಲ್ ಜನಾಂಗವೇ ಎಂದು 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಬರೆದಿದ್ದಾರೆ, ಯೆಶಾಯ 49ರಲ್ಲಿ ‘ನೀನು ನನ್ನ ಸೇವಕ, ಇಸ್ರಾಯೇಲೇ’ ಎಂಬ ಮಾತೂ ಇದೆ. ಆ ಓದನ್ನು ನಾನು ಗೌರವಿಸುತ್ತೇನೆ. ನಮ್ಮ ಓದಿಗೂ ಒಂದು ಕಾರಣವಿದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಇದೇ ಭಾಗವನ್ನು ಗಟ್ಟಿಯಾಗಿ ಓದುತ್ತಿರುತ್ತಾನೆ: ಕೊಲ್ಲಲು ಒಯ್ಯುವ ಕುರಿಯಂತೆ ಅವನು ಬಾಯಿ ತೆರೆಯಲಿಲ್ಲ. ಪ್ರವಾದಿ ಇದನ್ನು ಯಾರ ವಿಷಯವಾಗಿ ಹೇಳಿದ, ತನ್ನದೋ ಮತ್ತೊಬ್ಬನದೋ ಎಂದು ಸುವಾರ್ತಿಕ ಫಿಲಿಪ್ಪನನ್ನು ಕೇಳುತ್ತಾನೆ. ತಮ್ಮಾ, ನೀನು ಕೇಳಿದ್ದು ಅದೇ ಪ್ರಶ್ನೆ. ಅಲ್ಲಿಂದಲೇ ಮೊದಲುಮಾಡಿ ಫಿಲಿಪ್ಪ ಯೇಸುವಿನ ಸುದ್ದಿ ಹೇಳಿದ. ನನಗೂ ಆ ಮೌನವೇ ಗುರುತು. ರೋಮನ್ ಅಧಿಪತಿ ಪಿಲಾತನ ಮುಂದೆ ನಿಂತ ಯೇಸು ದೂರುಗಳಿಗೆ ಉತ್ತರ ಕೊಡಲಿಲ್ಲ.

ಲೋಕಪಾವನಿ, ಮಂಡ್ಯ

ಎರಡು ದಿನ ಇದೇ ತಲೆಯಲ್ಲಿತ್ತು. ನಾನು ಕ್ರೈಸ್ತನಲ್ಲ. ಮಾಡಿದ್ದುಣ್ಣೋ ಎಂಬುದನ್ನೂ ಪೂರಾ ಬಿಟ್ಟುಕೊಟ್ಟಿಲ್ಲ. ಆದರೆ ಕೊಡವಿದ ಮೈಗೂ ತಾನಾಗಿ ಕೊಟ್ಟ ಪ್ರಾಣಕ್ಕೂ ಇರುವ ಅಂತರ ಕಂಡಿತು. ಇನ್ನೊಂದು ಪೂರಣ, ತಗೊಳ್ಳಿ:

ಒತ್ತಾಯದೆ ಕೊಂಡುದಿದೇಂ
ಇತ್ತಂ ತಾನಾಗಿ ಜೀವಮಂ ಮೌನದೊಳೇ
ಕತ್ತಂ ನೀಡಿದ ಕುರುಬನ
ನೆತ್ತರೊಳಗೆ ತೊಳೆಯೆ ಬಟ್ಟೆ ಬೆಳ್ಳನೆಯಾಯ್ತೈ

ಸಂಚಾಲಕಿ

ಅಣ್ಣಾ, ಕುರಿಯ ಜಾಗಕ್ಕೆ ಕುರುಬನನ್ನು ತಂದುಬಿಟ್ಟಿರಿ! ‘ನಾನೇ ಒಳ್ಳೇ ಕುರುಬನು’ ಎಂಬ ಮಾತು ಪ್ರಾಣ ಕೊಡುವ ಮಾತಿನ ಪಕ್ಕದಲ್ಲೇ ಇದೆ, ಅದೇ ಯೋಹಾನ 10ರಲ್ಲಿ. ಮೊದಲ ಸಾಲಿನ ಪ್ರಶ್ನೆಗೆ ಎರಡನೆಯ ಸಾಲು ‘ಇತ್ತಂ’ ಎಂದು ಎದ್ದು ಉತ್ತರ ಹೇಳುವ ರೀತಿ ನೋಡಿ. ಈ ವಾರದ ಪೂರಣಗಳಲ್ಲಿ ನಾನು ಮೊದಲು ಇಡುವುದು ಇದನ್ನೇ. ಅಣ್ಣನ ಹಿಂದಿನ ಪದ್ಯವನ್ನೂ ಇದರ ಜೊತೆಗೇ ಓದಬೇಕು. ‘ಎತ್ತಣದೆತ್ತಿನ’ ಎಂಬ ಪ್ರಶ್ನೆ ಕೇಳದೆ ಈ ಉತ್ತರಕ್ಕೆ ಬಂದರೆ ಅದು ಹಗುರವಾಗುತ್ತದೆ.

ಬರುವ ವಾರದ ಸಾಲು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಿಂದ ಹುಟ್ಟಿದ್ದು. ನಮಗೆ ವಿರೋಧವಾಗಿದ್ದ ಸಾಲದ ಪತ್ರವನ್ನು ದೇವರು ಶಿಲುಬೆಗೆ ಜಡಿದು ರದ್ದುಮಾಡಿದ ಎಂದು ಅಲ್ಲಿದೆ. ಪ್ರಾಸ ‘ಡ’, ಹಿಂದಿನ ಅಕ್ಷರ ಲಘು:

ಬಡಿದ ಮೊಳೆಯೆ ಬಿಡಿಸಿತಲ್ತೆ ಕಟ್ಟಂ ಜಗದಾ

ಶನಿವಾರ ರಾತ್ರಿಯೊಳಗೆ ಕಳಿಸಿ. ನಜರಬಾದಿನ ತಮ್ಮ ಈ ಸಲ ಆಕಾಶ ಬಿಟ್ಟು ನೆಲಕ್ಕೆ ಇಳಿಯಲಿ ಎಂದು ನನ್ನ ಆಸೆ.