ಪದಚರ್ಚೆ: ಜೀಪಿನ ಹಬ್ ‘ಕಚ್ಚಿದೆ’ಯೋ ‘ಕಚ್ಕೊಂಡಿದೆ’ಯೋ, ಮತ್ತೆ ಆ ‘ಉಚಿತ ಸ್ಥಾನ’

ಎಲ್ಲರಿಗೂ ನಮಸ್ಕಾರ. ನಾಲ್ಕೈದು ಪದದ ವಿಷಯ ಕೇಳೋದಿದೆ, ಸ್ವಲ್ಪ ಉದ್ದ ಆಗತ್ತೆ, ಗಾಡಿ ರಿಪೇರಿ ವಿಷಯ ಬೇಡ ಅನ್ನೋರು ಈಗ್ಲೇ ದಾಟ್ಕೊಂಡು ಹೋಗ್ಬಹುದು.

ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟದಲ್ಲಿ ಹಳೇ ಜೀಪುಗಳಿವೆ, ಜೊತೆಗೆ ಒಂದು ಜಿಪ್ಸಿ. ಎಲ್ಲದಕ್ಕೂ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸೋ ಲಾಕಿಂಗ್ ಹಬ್. ಡ್ರೈವರ್‌ಗಳಿಗೆ ಅದನ್ನ ಹೇಗೆ ನೋಡ್ಕೋಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರ್ಕೊಡಿ ಅಂದ್ರು. ಶೆಡ್ಡಿನ ಗೋಡೆ ಮೇಲೆ ಆಗ್ಲೇ ಒಂದು ಕನ್ನಡ ಹಾಳೆ ಅಂಟಿಸಿತ್ತು, ಯಾರೋ ಇಂಗ್ಲಿಷಿನ ಸೂಚನೆಗಳನ್ನ ಕಂಪ್ಯೂಟರಿಗೆ ತುಂಬಿ ಇಳಿಸ್ಕೊಂಡಿದ್ದು. ತಲೆಬರಹ ‘ಕೈಪಿಡಿ ಬೀಗದ ಕೇಂದ್ರಗಳ ನಿರ್ವಹಣೆ’. ಮೊದಲ್ನೇ ಸಾಲು ‘ಡಯಲ್ ಅನ್ನು ಉಚಿತ ಸ್ಥಾನಕ್ಕೆ ತಿರುಗಿಸಿ’, ಡಯಲ್ ಮೇಲಿನ ‘ಫ್ರೀ’ ಇಲ್ಲಿ ‘ಉಚಿತ’ ಆಗಿತ್ತು. ಅಲ್ಲಿನ ಒಬ್ಬ ಡ್ರೈವರ್ ಕೇಳಿದ್ದು ಸರಿಯಾಗೇ ಇತ್ತು, ಹಂಗಾದ್ರೆ ಇನ್ನೊಂದು ಕಡೆಗೆ ತಿರುಗಿಸಿದ್ರೆ ದುಡ್ಡು ಕೊಡ್ಬೇಕಾ ಸಾರ್ ಅಂತ.

ನಗು ಆಮೇಲೆ ಬಂತು, ಬರೆಯೋಕೆ ಕೂತಾಗ ಮಾತ್ರ ನಾನೂ ಒದ್ದಾಡಿದೆ. ಅದಕ್ಕೇ ಇಲ್ಲಿ ಕೇಳ್ತಿರೋದು.

ಮೊದ್ಲು ವಸ್ತು ಏನು ಅಂತ ಗೊತ್ತಿಲ್ಲದೋರಿಗೆ. ಎತ್ತಿನ ಗಾಡಿಲಿ ಅಚ್ಚು ತಿರುಗಲ್ಲ, ಚಕ್ರ ಅಷ್ಟೇ ಅಚ್ಚಿನ ಮೇಲೆ ತಿರುಗತ್ತೆ, ಎಳೆಯೋದು ಎತ್ತು, ಅಚ್ಚಿಗೆ ಹೊರೋದಷ್ಟೇ ಕೆಲಸ. ಜೀಪಿನ ಮುಂದಿನ ಚಕ್ರ ಫ್ರೀ ಇದ್ದಾಗ ಹೆಚ್ಚುಕಮ್ಮಿ ಅದೇ ಸ್ಥಿತಿ, ಚಕ್ರ ತನ್ನ ಪಾಡಿಗೆ ಉರುಳ್ತಾ ಇರತ್ತೆ, ಒಳಗಿರೋ ಆಕ್ಸಲ್ ಶಾಫ್ಟಿಗೂ (ಇಂಜಿನ್ ಬಲನ ಚಕ್ರಕ್ಕೆ ತರೋ ಸರಳು) ಅದಕ್ಕೂ ಸಂಬಂಧ ಇಲ್ಲ. ಹಬ್ಬಿನ ಮೇಲಿರೋ ಡಯಲ್ ತಿರುಗಿಸಿದ್ರೆ ಒಳಗೆ ಹಲ್ಲಿರೋ ಒಂದು ಬಳೆ ಸ್ಪ್ರಿಂಗಿನ ಒತ್ತಡಕ್ಕೆ ಜಾರಿ ಹೋಗಿ ಶಾಫ್ಟನ್ನೂ ಹಬ್ಬನ್ನೂ ಒಂದು ಮಾಡತ್ತೆ, ಅಲ್ಲಿಂದ ಮುಂದೆ ಶಾಫ್ಟ್ ತಿರುಗಿದ್ರೆ ಚಕ್ರನೂ ತಿರುಗ್ಬೇಕು. ಇನ್ನು ಇಂಜಿನ್ ಬಲ ಆ ಶಾಫ್ಟಿನವರೆಗೆ ಬರೋ ಹಾಗೆ ಮಾಡೋದು ಗಾಡಿ ಒಳಗಿನ ಫೋರ್ ವೀಲ್ ಲಿವರ್. ಇಷ್ಟೇ ಕತೆ. ಎರಡ್ನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳಲ್ಲಿ ಈ ಬಿಡೋ ಹಿಡಿಯೋ ಸೌಕರ್ಯ ಇರ್ಲಿಲ್ಲ, ಮುಂದಿನ ಚಕ್ರ ಯಾವಾಗ್ಲೂ ಶಾಫ್ಟಿಗೆ ಸೇರ್ಕೊಂಡೇ ಇರ್ತಿತ್ತು. ಯುದ್ಧ ಮುಗಿದು ಮಿಲಿಟರಿ ಜೀಪುಗಳು ಜನರ ಕೈಗೆ ಬಂದು ಡಾಂಬರ್ ರಸ್ತೆಲಿ ಓಡೋಕೆ ಶುರುವಾದಾಗ ಸುಮ್ನೆ ಮುಂದಿನ ಶಾಫ್ಟೆಲ್ಲಾ ಯಾಕೆ ತಿರುಗಿಸ್ಬೇಕು ಅಂತ ಅಮೆರಿಕದ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ ಅನ್ನೋರು 1948ರಲ್ಲಿ ಇಂಥ ಹಬ್ ಮಾಡೋ ಕಂಪನಿ ಶುರು ಮಾಡಿದ್ರು, ವಾರ್ನ್ ಅನ್ನೋ ಹೆಸರು ಈಗ್ಲೂ ಹಬ್ಬುಗಳ ಮೇಲೆ, ಸಿಕ್ಕಾಕ್ಕೊಂಡ ಗಾಡಿ ಎಳೆಯೋ ವಿಂಚುಗಳ ಮೇಲೆ ಕಾಣತ್ತೆ.

ಸರಿ, ಪದಕ್ಕೆ ಬರೋಣ.

ಹಬ್ ಅನ್ನೋದಕ್ಕೆ ನಮ್ಮಲ್ಲಿ ಪದ ಇಲ್ಲದೇ ಇಲ್ಲ. ಗಾಡಿ ಚಕ್ರದ ನಡುವಿನ ದಿಮ್ಮಿಗೆ ಗುಂಬ ಅಂತಾರೆ, ಕೆಲವು ಕಡೆ ಕುಂಭ, ಸಂಸ್ಕೃತದ ನಾಭಿನೂ ಇದೆ. ಚೆನ್ನಾಗಿದೆ, ಆದ್ರೆ ‘ಗುಂಬ ಬಿಚ್ಚಿ ಸರ್ಕ್ಲಿಪ್ ತೆಗೀರಿ’ (ಸರ್ಕ್ಲಿಪ್ ಅಂದ್ರೆ ಶಾಫ್ಟಿನ ತುದೀಲಿ ಕೂರೋ ಸ್ಪ್ರಿಂಗ್ ಕ್ಲಿಪ್ಪು) ಅಂತ ಬರೆದ್ರೆ ಯಾರಿಗೂ ಏನೂ ಹೊಳೆಯಲ್ಲ, ಮೆಕ್ಯಾನಿಕ್ಕಿನಿಂದ ಹಿಡಿದು ಸ್ಪೇರ್ ಪಾರ್ಟ್ಸ್ ಅಂಗಡಿವರೆಗೂ ಎಲ್ಲರ ಬಾಯಲ್ಲೂ ಅದು ಹಬ್ಬೇ. ಗೆಳೆಯರೊಬ್ರು ‘ಕಡಾಣಿ’ ಹಾಕಿ ಅಂದ್ರು. ಕೈಕೇಯಿ ದಶರಥನ ರಥದಲ್ಲಿ ಕಡಾಣಿ ಕಳಚಿದಾಗ ತನ್ನ ಬೆರಳನ್ನೇ ಕೊಟ್ಟು ಎರಡು ವರ ಗಿಟ್ಟಿಸ್ಕೊಂಡ ಕತೆ ನಮಗೆಲ್ಲಾ ಗೊತ್ತು, ಪದವೂ ಮುದ್ದಾಗಿದೆ. ಆದ್ರೆ ಕೆಲಸ ಬೇರೆ. ಕಡಾಣಿ ಇರೋದು ಚಕ್ರ ಅಚ್ಚಿಂದ ಕಳಚಿ ಹೊರಗೆ ಬೀಳದೇ ಇರ್ಲಿ ಅಂತ, ಅದು ಇದ್ರೂ ಚಕ್ರ ಆರಾಮಾಗಿ ತಿರುಗತ್ತೆ. ಹಬ್ ಲಾಕ್ ಚಕ್ರ ಬೀಳದಂಗೆ ತಡೆಯೋದಲ್ಲ, ಚಕ್ರನ ಶಾಫ್ಟಿಗೆ ಕಟ್ಟಿ ಹಾಕೋದು. ಡ್ರೈವರ್ ಒಬ್ಬ ಇದನ್ನ ಕಡಾಣಿ ಅಂತ ನಂಬ್ಕೊಂಡ್ರೆ ‘ಫ್ರೀ ಮಾಡಿದ್ರೆ ಚಕ್ರ ಬಿದ್ದುಹೋಗತ್ತೆ’ ಅಂತ ಹೆದರಿ ಜೀವಮಾನ ಪೂರ್ತಿ ಲಾಕಲ್ಲೇ ಇಡ್ತಾನೆ. ಹಾಗಾಗಿ ಕಡಾಣಿ ಬೇಡ ಅಂತ ನನ್ನ ವೋಟು.

ಹೆಸರುಪದಕ್ಕೆ ಒದ್ದಾಡೋದು ಬಿಟ್ಟು ಹಬ್, ಡಯಲ್, ಶಾಫ್ಟ್, ಬೇರಿಂಗ್, ಸರ್ಕ್ಲಿಪ್ ಎಲ್ಲಾ ಹಂಗೇ ಇಟ್ಕೊಂಡೆ. ‘ಹಬ್ಬಿಗೆ’, ‘ಹಬ್ಬಿನ’ ಅಂತ ವಿಭಕ್ತಿ ಹಚ್ಚಿದ್ರೆ ನಮ್ಮದೇ ಪದ ಆಗೋಗತ್ತೆ. ಫೋನಲ್ಲಿ ಟೈಪ್ ಮಾಡೋವಾಗ ಮಾತ್ರ ಅದು ‘ಹಬ್ಬಕ್ಕೆ ಗ್ರೀಸ್’ ಅಂತ ತಿದ್ದಿಬಿಡತ್ತೆ, ನೋಡ್ಕೊಳ್ಳಿ. ಹಬ್ಬ ಅಂದ್ಕೂಡ್ಲೇ ನೆನಪಾಯ್ತು, ಆಯುಧಪೂಜೆಗೆ ಪ್ರೆಶರ್ ಪಂಪಲ್ಲಿ ಜೀಪ್ ತೊಳೆಯೋರು ಆ ನೀರನ್ನ ನೇರ ಡಯಲ್ ಮೇಲೆ ಹೊಡೀತಾರೆ, ಒಳಗಿನ ರಬ್ಬರ್ ರಿಂಗ್ (ಓ ರಿಂಗ್) ಹಳೇದಾಗಿದ್ರೆ ನೀರು ಒಳಗೆ ಹೋಯ್ತು ಅಂತಲೇ ಲೆಕ್ಕ.

ಕನ್ನಡ ಬೇಕಾಗಿರೋದು ಕ್ರಿಯಾಪದದಲ್ಲಿ. ಅನುವಾದ ಕೆಟ್ಟಿರೋದೂ ಅಲ್ಲೇ.

ಉದಾಹರಣೆಗೆ ಆ ಗೋಡೆ ಹಾಳೆಲಿ ‘ಗ್ರೀಸ್ ಅನ್ವಯಿಸಿ’ ಅಂತ ಆರೇಳು ಕಡೆ ಇದೆ. ಬೇರಿಂಗಿಗೂ ಅನ್ವಯಿಸಿ, ಹಬ್ ಒಳಗೂ ಅನ್ವಯಿಸಿ, ಓ ರಿಂಗಿಗೂ ಅನ್ವಯಿಸಿ. ಗ್ಯಾರೇಜಲ್ಲಿ ಕೇಳಿ ನೋಡಿ, ಇವು ಮೂರೂ ಒಂದೇ ಕೆಲಸ ಅಲ್ಲ. ಬೇರಿಂಗಿಗೆ ಗ್ರೀಸ್ ‘ತುಂಬ್ತಾರೆ’, ಅಂಗೈಲಿ ಗ್ರೀಸ್ ಇಟ್ಕೊಂಡು ಬೇರಿಂಗನ್ನ ಅದಕ್ಕೆ ಒತ್ತಿ ಒತ್ತಿ ಇನ್ನೊಂದು ಕಡೆಯಿಂದ ಹೊರಗೆ ಬರೋವರೆಗೂ ತುಂಬೋದು. ಹಬ್ಬಿನ ಒಳಗಿನ ಬಳೆಗೆ, ಹಲ್ಲುಗಳಿಗೆ ಗ್ರೀಸ್ ‘ಸವರ್ತಾರೆ’, ತೆಳ್ಳಗೆ, ಬೆರಳಿಗೆ ಹತ್ತಿದಷ್ಟು. ಇನ್ನು ಕೆಲಸ ಗೊತ್ತಿಲ್ಲದೋರು ಮಾಡೋದು ‘ಮೆತ್ತೋದು’. ಹಬ್ ಒಳಗೆ ಗ್ರೀಸ್ ಮೆತ್ತಿದ್ರೆ ಬಳೆ ಜಾರೋ ಜಾಗ ತುಂಬ್ಕೊಂಡು ಸ್ಪ್ರಿಂಗಿಗೆ ಅದನ್ನ ತಳ್ಳೋಕೆ ಆಗಲ್ಲ, ಡಯಲ್ ತಿರುಗತ್ತೆ ಆದ್ರೆ ಒಳಗೆ ಹಲ್ಲು ಪೂರ್ತಿ ಸೇರಿರಲ್ಲ, ಕೆಸರಲ್ಲಿ ಸಿಕ್ಕಾಕ್ಕೊಂಡು ಆಕ್ಸಿಲರೇಟರ್ ಒತ್ತಿದಾಗ ಕಟಕಟ ಅಂತ ಹಲ್ಲು ಜಾರಿ ತುದಿ ತೇದುಹೋಗತ್ತೆ. ತುಂಬು, ಸವರು, ಮೆತ್ತು, ಮೂರು ಪದದಲ್ಲಿ ಅರ್ಧ ಪುಟದ ಸೂಚನೆ ಮುಗೀತು. ‘ಅನ್ವಯಿಸಿ’ ಅಂತ ಬರೆದ ಪುಣ್ಯಾತ್ಮ ಇದೆಲ್ಲಾ ಒಂದೇ ಏಟಿಗೆ ನುಂಗಿಬಿಟ್ಟ. ಗಾಡಿ ಅಚ್ಚಿಗೆ ಹಾಕೋದಕ್ಕೆ ಕೀಲೆಣ್ಣೆ ಅನ್ನೋ ಪದ ಇತ್ತು ನಮ್ಮಲ್ಲಿ, ಗ್ರೀಸಿಗೆ ಅದನ್ನೇ ತರ್ಬಹುದು ಅಂತ ಆಸೆ ಏನೋ ಇದೆ, ಅಂಗಡೀಲಿ ಕೇಳೋ ಧೈರ್ಯ ಇಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ. ಫ್ರೀ ಮತ್ತೆ ಲಾಕ್ ಅನ್ನೋ ಎರಡು ಸ್ಥಿತಿಗೆ ಏನನ್ನೋದು?

‘ಲಾಕ್’ ಅನ್ನೋದನ್ನ ಹಂಗೇ ಇಟ್ರೆ ಒಂದು ತೊಡಕಿದೆ. ಗ್ಯಾರೇಜ್ ಕನ್ನಡದಲ್ಲಿ ‘ವೀಲ್ ಲಾಕ್ ಆಯ್ತು’ ಅಂದ್ರೆ ಚಕ್ರ ತಿರುಗ್ತಿಲ್ಲ, ಜಾಮ್ ಆಗಿದೆ ಅಂತ. ಹಬ್ ಲಾಕ್ ಆದ್ರೆ ಚಕ್ರ ಚೆನ್ನಾಗೇ ತಿರುಗತ್ತೆ. ಇದರ ಮೇಲೆ ‘ಡಿಫ್ ಲಾಕ್’ ಅಂತ, ಅಂದ್ರೆ ಇಂಜಿನ್ ತಿರುಗಾಟನ ಎರಡು ಕಡೆಯ ಶಾಫ್ಟಿಗೂ ಹಂಚೋ ಡಿಫ್ರೆನ್ಷಿಯಲ್ ಗೇರಿನ ಲಾಕ್, ಬೇರೆದೇ ಒಂದು ಇದೆ, ಅದು ಆಕ್ಸಲ್ಲಿನ ಎರಡು ಕಡೆಯ ಶಾಫ್ಟೂ ಒಟ್ಟಿಗೆ ತಿರುಗೋ ಹಾಗೆ ಮಾಡೋದು, ಹಬ್ಬಿಗೆ ಸಂಬಂಧ ಇಲ್ಲ. ‘ಬೀಗ’ ಅಂದ್ರಂತೂ ಕೀಲಿ ಎಲ್ಲಿ ಅಂತ ಕೇಳ್ತಾರೆ.

ನಾನು ಮೊದ್ಲು ಯೋಚ್ನೆ ಮಾಡಿದ್ದು ಬಿಡು, ಹಿಡಿ. ‘ಹಬ್ ಬಿಟ್ಟಿದೆ, ಹಬ್ ಹಿಡಿದಿದೆ’. ಆದ್ರೆ ‘ಬ್ರೇಕ್ ಹಿಡ್ಕೊಂಡಿದೆ’, ‘ಇಂಜಿನ್ ಹಿಡ್ಕೊಂಡ್ಬಿಡ್ತು’ ಅಂತ ನಾವು ಹೇಳೋದು ಕೆಟ್ಟುಹೋಗಿದ್ದಕ್ಕೆ. ಆಮೇಲೆ ಗಮನಿಸ್ತಾ ಹೋದ್ರೆ ಒಂದು ವಿಷಯ ಸಿಕ್ತು, ವ್ಯಾಕರಣ ಬಲ್ಲೋರು ಇದನ್ನ ಸರಿಯೋ ತಪ್ಪೋ ಹೇಳಿ. ತೊಂದ್ರೆ ಇರೋದು ಹಿಡಿಯಲ್ಲಿ ಅಲ್ಲ, ಆ ‘ಕೊಳ್ಳು’ವಿನಲ್ಲಿ. ಹಿಡಿದಿದೆ ಅಂದ್ರೆ ಮಾಡ್ಬೇಕಾದ ಕೆಲಸ ಮಾಡಿದೆ, ಹಿಡ್ಕೊಂಡಿದೆ ಅಂದ್ರೆ ನಾವು ಹೇಳದೇನೇ ತಾನಾಗಿ ಮಾಡಿದೆ, ಬಿಡು ಅಂದ್ರೂ ಬಿಡಲ್ಲ. ‘ಕಚ್ಚು’ ಕೂಡ ಹೀಗೇ. ‘ಗೇರ್ ಕಚ್ಚಿದೆ’ ಅಂದ್ರೆ ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆ. ‘ಕಚ್ಕೊಂಡಿದೆ’ ಅಂದ್ರೆ ಸುತ್ತಿಗೆ ತಗೊಂಬಾ ಅಂತ ಅರ್ಥ. ಮನುಷ್ಯರ ವಿಷಯದಲ್ಲಿ ಈ ಕೊಳ್ಳು ತನಗೋಸ್ಕರ ಮಾಡೋದನ್ನ ಹೇಳತ್ತೆ, ಅಡುಗೆ ಮಾಡ್ಕೊಂಡ, ಬಟ್ಟೆ ಒಗೆದ್ಕೊಂಡ, ಅದರಲ್ಲಿ ಕೆಟ್ಟದ್ದೇನಿಲ್ಲ. ಯಂತ್ರಕ್ಕೆ ಬಂದಾಗ ಮಾತ್ರ ಅದೇ ಪ್ರತ್ಯಯ ಹಠಮಾರಿತನ ಆಗೋಗತ್ತೆ, ಯಂತ್ರ ತನಗೋಸ್ಕರ ಏನಾದ್ರೂ ಮಾಡ್ತು ಅಂದ್ರೆ ಅದು ರಿಪೇರಿಗೆ ಬಂತು ಅಂತಲೇ. ಪೂರ್ತಿ ನಿಯಮ ಅಂತ ಹೇಳಲ್ಲ, ‘ಬೆಲ್ಟ್ ಸೆಟ್ ಆಗ್ಕೊಳ್ಳತ್ತೆ’ ಅಂತ ಒಳ್ಳೆ ಅರ್ಥದಲ್ಲೂ ಅಂತೀವಿ. ಆದ್ರೂ ಹಿಡಿ, ಕಚ್ಚು, ಅಂಟು, ಸಿಕ್ಕು ಇವುಗಳ ಜೊತೆಗಂತೂ ನನ್ನ ಕಿವಿಗೆ ಹಾಗೇ ಕೇಳತ್ತೆ. ನಿಮ್ಮ ಊರಿನ ಮಾತಲ್ಲಿ ಹೇಗೆ?

ಇದರ ಪ್ರಕಾರ ನಾನು ಹಾಳೆಲಿ ಬರೆದಿರೋದು ಹೀಗೆ, ಓದಿ ತಿದ್ದಿ:

‘ಎರಡೂ ಕಡೆ ಡಯಲ್ ಒಂದೇ ಗುರುತಲ್ಲಿ ಇರ್ಬೇಕು. ಕೈಯಲ್ಲೇ ತಿರುಗಿಸಿ, ಪ್ಲೈಯರ್ ಹಾಕ್ಬೇಡಿ. ತಿರುಗದಿದ್ರೆ ಗಾಡಿನ ಒಂದು ಮೊಳ ಮುಂದೆ ಹಿಂದೆ ಉರುಳ್ಸಿ, ಹಲ್ಲು ಎದುರಿಗೆ ಬಂದ ತಕ್ಷಣ ಟಕ್ ಅಂತ ಕಚ್ಚತ್ತೆ. ಬಿಡಿಸೋವಾಗ ಮೊದ್ಲು ಫೋರ್ ವೀಲ್ ಲಿವರ್ ತೆಗೆದು ಸ್ವಲ್ಪ ರಿವರ್ಸ್ ಬನ್ನಿ, ಆಮೇಲೆ ಡಯಲ್ ಮುಟ್ಟಿ.’

ಮೊದಲ ಸಾಲಿಗೆ ಯಾಕಷ್ಟು ಒತ್ತು ಅಂದ್ರೆ, ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬಿಟ್ಟಿದ್ರೆ ಡಿಫ್ರೆನ್ಷಿಯಲ್ ತನ್ನ ತಿರುಗಾಟ ಎಲ್ಲಾ ಸುಲಭವಾಗಿ ತಿರುಗೋ ಕಡೆಗೇ ಕಳ್ಸತ್ತೆ, ಅಂದ್ರೆ ಬಿಟ್ಟಿರೋ ಶಾಫ್ಟಿಗೆ, ಆ ಶಾಫ್ಟ್ ಸುಮ್ನೆ ಗಿರಗಿರ ತಿರುಗತ್ತೆ, ಮುಂದಿನ ಎರಡೂ ಚಕ್ರಕ್ಕೆ ಎಳೆತ ಸೊನ್ನೆ. ಫೋರ್ ವೀಲ್ ಹಾಕಿದ್ರೂ ಎಳೀತಿಲ್ಲ ಸಾರ್ ಅಂತ ಬರೋ ಗಾಡಿಗಳಲ್ಲಿ ಮೊದ್ಲು ನೋಡ್ಬೇಕಾದ ಜಾಗ ಇದೇ. ಡಯಲ್ ಮೇಲಿನ ಅಕ್ಷರ ಕೆಂಪುಮಣ್ಣು ತುಂಬಿ ಅಳಿಸಿಹೋಗಿರತ್ತೆ, ಇಂಗ್ಲಿಷ್ ಬೇರೆ. ತೋಟದೋರು ಅದಕ್ಕೆ ಎರಡು ಬಣ್ಣದ ಚುಕ್ಕಿ ಇಟ್ಟಿದಾರೆ, ನಮ್ಮ ಪದಚರ್ಚೆಗಿಂತ ಅದೇ ವಾಸಿ ಅನ್ನಿಸ್ತು.

ಇನ್ನೊಂದು ಒಳ್ಳೆ ಪದ ಅಲ್ಲೇ ಸಿಕ್ತು. ಹಳ್ಳ ದಾಟಿ ನೀರು ಒಳಗೆ ಹೋದ ಹಬ್ ಬಿಚ್ಚಿದಾಗ ಗ್ರೀಸ್ ಬೆಳ್ಳಗೆ ನೊರೆನೊರೆ ಆಗಿರತ್ತಲ್ಲ, ಅದಕ್ಕೆ ‘ಗ್ರೀಸ್ ಮಜ್ಜಿಗೆ ಆಗಿದೆ’ ಅಂತಾರೆ. ಗೋಡೆ ಹಾಳೆಲಿ ಇದಕ್ಕೆ ‘ಕಲುಷಿತ ಲೂಬ್ರಿಕೆಂಟ್’. ಮಜ್ಜಿಗೆ ಅಂದ್ರೆ ಸಾಕು, ಬಣ್ಣನೂ ಗೊತ್ತಾಯ್ತು, ನೀರು ಸೇರಿದ್ದೂ ಗೊತ್ತಾಯ್ತು. ಆಮೇಲಿನ ಕೆಲಸ ಏನಿದ್ರೂ ಮಾಮೂಲಿ: ಸುತ್ತಲಿನ ಬೋಲ್ಟ್ ಬಿಚ್ಚಿ, ಸರ್ಕ್ಲಿಪ್ ಹಾರಿ ಹೋಗದಂಗೆ ಒಂದು ಬಟ್ಟೆ ಅಡ್ಡ ಹಿಡಿದು ತೆಗೆದು, ಒಳಗಿನದ್ದೆಲ್ಲಾ ಸೀಮೆಎಣ್ಣೆ ಇಲ್ಲಾ ಡೀಸೆಲ್ಲಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ಸವರಿ, ಹೊಸ ಗ್ಯಾಸ್ಕೆಟ್, ಹೊಸ ಓ ರಿಂಗ್, ಬೋಲ್ಟುಗಳನ್ನ ಎದುರುಬದುರು ಬಿಗಿಯೋದು. ಇಲ್ಲಿ ‘ಎದುರುಬದುರು ಬಿಗೀರಿ’ ಅನ್ನೋದು ಗೋಡೆ ಹಾಳೆಲಿ ‘ಅಡ್ಡ ಮಾದರಿಯಲ್ಲಿ ಟಾರ್ಕ್ ಮಾಡಿ’ ಆಗಿತ್ತು.

ಬೇರಿಂಗ್ ನೋಡೋದಕ್ಕೂ ನಮ್ಮದೇ ಪದ ಇದೆ. ಚಕ್ರ ಎತ್ತಿ ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ‘ಆಟ ಇದೆ’ ಅಂತಾರೆ. ಆಟ ಜಾಸ್ತಿ ಇದ್ರೆ ಬೇರಿಂಗ್ ನಟ್ ಸಡಿಲ, ಇಲ್ಲಾ ಬೇರಿಂಗ್ ಸವೆದಿದೆ, ಇಲ್ಲಾ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲ ತಿರುಗೋಕೆ ಆಧಾರವಾಗಿರೋ ಪಿನ್). ಅದನ್ನ ಬರೀ ಹಬ್ ಬಿಚ್ಚೋ ಹಾಳೆಲಿ ಸೇರಿಸ್ಬೇಕಾ ಅಂತ ಯೋಚಿಸಿ ಒಂದು ಸಾಲು ಸೇರಿಸಿದೆ, ಹೇಗೂ ಬಿಚ್ಚಿರ್ತಾರಲ್ಲ.

ತಿಂಗಳಿಗೊಂದ್ಸಲ ಹಬ್ ಕಚ್ಚಿಸಿ ಮಣ್ಣು ರಸ್ತೆಲಿ ಒಂದಷ್ಟು ದೂರ ಓಡ್ಸಿ ಅನ್ನೋ ಮಾತಿಗೆ ‘ನಿಯತಕಾಲಿಕವಾಗಿ ತೊಡಗಿಸಿ’ ಅಂತಿತ್ತು. ಬೇಸಿಗೆ ಪೂರ್ತಿ ಬಿಟ್ಟೇ ಇದ್ರೆ ಮುಂದಿನ ಡಿಫ್ರೆನ್ಷಿಯಲ್ ತಿರುಗದೇ ಆಯಿಲ್ ತಳದಲ್ಲೇ ಕೂತಿರತ್ತೆ, ಮೇಲಿನ ಹಲ್ಲು, ಸೀಲು ಒಣಗತ್ತೆ, ಹಬ್ ಒಳಗಿನ ಬಳೆನೂ ಜಡ ಬೀಳತ್ತೆ. ಮಣ್ಣು ರಸ್ತೆ ಅಂತ ಒತ್ತಿ ಹೇಳೋದು ಯಾಕಂದ್ರೆ ಫೋರ್ ವೀಲ್ ಲಿವರೂ ಹಾಕಿ ಡಾಂಬರ್ ಮೇಲೆ ತಿರುವು ತಗೊಂಡ್ರೆ ಮುಂದಿನ ಚಕ್ರ ಹಿಂದಿನ ಚಕ್ರ ಬೇರೆಬೇರೆ ದೂರ ಹೋಗ್ಬೇಕಾಗತ್ತೆ, ಈ ಜೀಪುಗಳಲ್ಲಿ ಆ ವ್ಯತ್ಯಾಸ ನುಂಗೋಕೆ ನಡುವೆ ಏನೂ ಇಲ್ಲ, ಶಾಫ್ಟೆಲ್ಲಾ ತಿರುಚ್ಕೊಂಡು ಬಿಗಿಯಾಗತ್ತೆ. ಮಣ್ಣಲ್ಲಿ ಟೈರು ಸ್ವಲ್ಪ ಜಾರಿ ಸರಿ ಮಾಡ್ಕೊಳ್ಳತ್ತೆ. ಅಯ್ಯೋ, ಇಲ್ಲೂ ‘ಕೊಳ್ಳು’ ಎರಡೆರಡು ಸಲ ಬಂತು, ತಿರುಚ್ಕೊಂಡು ಕೆಟ್ಟದ್ದಕ್ಕೆ, ಸರಿ ಮಾಡ್ಕೊಳ್ಳತ್ತೆ ಒಳ್ಳೇದಕ್ಕೆ. ನನ್ನ ನಿಯಮಕ್ಕೆ ಇನ್ನೊಂದು ತೂತು, ಇರ್ಲಿ ಬಿಡಿ.

ಉಳಿದಿರೋ ಪ್ರಶ್ನೆಗಳು. ‘ಕಚ್ಚಿದೆ’ಗೆ ಎದುರಾಗಿ ‘ಬಿಟ್ಟಿದೆ’ ಸರಿನಾ, ಅಥವಾ ‘ಬಿಟ್ಟಿದೆ’ ಅಂದ್ರೆ ವೆಲ್ಡಿಂಗ್ ಬಿಟ್ಟಿದೆ ಅನ್ನೋ ಹಾಗೆ ಮುರಿದುಹೋಗಿದೆ ಅಂತ ಕೇಳತ್ತಾ? ಹುಬ್ಬಳ್ಳಿ ಧಾರವಾಡದ ಕಡೆ ಟ್ರ್ಯಾಕ್ಟರ್ ಗ್ಯಾರೇಜಲ್ಲಿ ಇದಕ್ಕೆ ಏನಂತಾರೆ? ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪ್ ಹೊಡೆಯೋರು ಯಾರಾದ್ರೂ ಪರಿಚಯ ಇದ್ರೆ ಅವರನ್ನ ಕೇಳಿ ಹೇಳಿ, ದಿನಾ ಡಯಲ್ ತಿರುಗಿಸೋರ ಬಾಯಲ್ಲಿ ಬರೋ ಪದ ಇದ್ರೆ ನಂದೆಲ್ಲಾ ತೆಗೆದು ಅದನ್ನೇ ಹಾಕ್ತೀನಿ, ಹಾಳೆ ಇನ್ನೂ ಲ್ಯಾಮಿನೇಶನ್ನಿಗೆ ಕೊಟ್ಟಿಲ್ಲ.